ಪಾಟಿಯ ಪ್ರಾರ್ಥನೆಗೆ ಕನ್ನಡ ಅಕ್ಷರ

ಭಾನುವಾರ ಬೆಳಿಗ್ಗೆ ಆರೂವರೆಗೆ ಕೊಳ್ಳೇಗಾಲದ ನಮ್ಮ ದೇವಾಲಯದಲ್ಲಿ ಮೊದಲ ಗಂಟೆ. ಅದು ಇನ್ನೂ ಮಲಗಿರುವವರಿಗೆ. ಏಳಕ್ಕೆ ಐದು ನಿಮಿಷ ಇರುವಾಗ ಎರಡನೇ ಗಂಟೆ. ಅದು ಓಡಿ ಬರುವವರಿಗೆ. ನಮ್ಮ ಮನೆಯಲ್ಲಿ ಹೆಚ್ಚಿನವರು ಎರಡನೇ ಗಂಟೆಯವರು. ಮಗ ಷರ್ಟಿನ ಗುಂಡಿ ಹಾಕಿಕೊಳ್ಳುತ್ತಲೇ ಗಾಡಿ ಹತ್ತುತ್ತಾನೆ. ಮೊಮ್ಮಗಳು ಒಂದು ಜಡೆ ಹೆಣೆಸಿಕೊಂಡು ಇನ್ನೊಂದನ್ನು ದಾರಿಯಲ್ಲಿ ಹೆಣೆದುಕೊಳ್ಳುತ್ತಾಳೆ.

ಮೊದಲ ಗಂಟೆಗೂ ಮುಂಚೆ ಸಿದ್ಧವಾಗಿ ಜಗಲಿಯ ಮೇಲೆ ಕೂತಿರುತ್ತಿದ್ದವಳು ನನ್ನ ಚಿಕ್ಕವ್ವ ಒಬ್ಬಳೇ. ತಲೆಯ ಮೇಲೆ ಸೆರಗು, ಕೈಯಲ್ಲಿ ಜಪಸರ. ಅವಳು ನನ್ನ ಅವ್ವನ ತಂಗಿ. ಹನೂರು ತಾಲ್ಲೂಕಿನ ಮಾರ್ಟಳ್ಳಿ ಕಡೆಯವಳು. ಅಲ್ಲಿ ಬೆಟ್ಟಗಳ ನಡುವೆ, ತಮಿಳುನಾಡಿನ ಗಡಿಯ ಹತ್ತಿರ, ತಮಿಳು ಮಾತಾಡುವ ಕ್ರೈಸ್ತ ಕುಟುಂಬಗಳು ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿವೆ. ಗಂಡ ತೀರಿಕೊಂಡ ಮೇಲೆ ಅವಳನ್ನು ನಾನೇ ಹೋಗಿ ನಮ್ಮ ಮನೆಗೆ ಕರೆತಂದೆ. ಮೊಮ್ಮಗಳು ಅವಳನ್ನು ತಮಿಳಿನಲ್ಲೇ 'ಪಾಟಿ' ಎಂದು ಕರೆಯುತ್ತಾಳೆ. ಪಾಟಿ ಎಂದರೆ ಅಜ್ಜಿ.

ಎಲ್ಲವೂ ಸರಿಯಾಗಿತ್ತು. ಐದಾರು ವಾರ ಕಳೆದ ಮೇಲೆ ಒಂದು ಭಾನುವಾರ ಚಿಕ್ಕವ್ವ ಜಗಲಿಯಿಂದ ಏಳಲಿಲ್ಲ. "ನೀವು ಹೋಗಿ ಬನ್ನಿ ರಾಜಾ, ನಾನು ಇಲ್ಲೇ ಜಪ ಮಾಡ್ಕೋತೀನಿ" ಎಂದಳು. ಮೈಗೆ ಹುಷಾರಿಲ್ಲವೇ ಎಂದು ಕೇಳಿದೆ. "ಅಲ್ಲಿ ನಾನ್ ಊಮೈ" ಎಂದಳು. ಊಮೈ ಎಂದರೆ ಮೂಗಿ.

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಚಿಕ್ಕವ್ವನಿಗೆ ಕನ್ನಡ ಬಾರದೆ ಇಲ್ಲ. ತರಕಾರಿಯವನ ಹತ್ತಿರ ಚೌಕಾಸಿ ಮಾಡುವಷ್ಟು, ಬಸ್ಸಿನಲ್ಲಿ ಜಾಗಕ್ಕೆ ಜಗಳವಾಡುವಷ್ಟು ಚೆನ್ನಾಗಿಯೇ ಬರುತ್ತದೆ. ಆದರೆ ಸಂತೆಯ ಕನ್ನಡ ಬೇರೆ, ಪೂಜೆಯ ಕನ್ನಡ ಬೇರೆ. ಎಂಬತ್ತು ದಾಟಿದ ಮೇಲೆ ದೇವರ ಹತ್ತಿರ ಹೊಸ ಮಾತಿನಲ್ಲಿ ಮಾತಾಡು ಎಂದರೆ ಯಾರಿಗೆ ಆಗುತ್ತದೆ?

ಒಂದು ಗಂಟೆಯ ಪೂಜೆ

ಭಾನುವಾರದ ಪೂಜೆ ನೋಡದ ಮಕ್ಕಳಿಗಾಗಿ ನಾಲ್ಕು ಮಾತು ಹೇಳುತ್ತೇನೆ. ಕಥೋಲಿಕರು ಇದನ್ನು ಬಲಿಪೂಜೆ ಎನ್ನುತ್ತಾರೆ. ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಹೋಗುತ್ತೇವೆ. ಮೊದಲು ತಪ್ಪೊಪ್ಪಿಗೆ, ಆಮೇಲೆ ಬೈಬಲಿನಿಂದ ವಾಚನಗಳು, ಗುರುಗಳ ಪ್ರಬೋಧನೆ, ಎಲ್ಲರಿಗಾಗಿ ಪ್ರಾರ್ಥನೆ, ಕಾಣಿಕೆ. ಆಮೇಲೆ ಬಲಿಪೀಠದ ಮೇಲೆ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಅರ್ಪಿಸುತ್ತಾರೆ. ಕೊನೆಗೆ ಪರಮಪ್ರಸಾದ, ಆಶೀರ್ವಾದ. ಪರಮಪ್ರಸಾದ ತೆಗೆದುಕೊಳ್ಳುವವರು ಅದಕ್ಕೆ ಮುಂಚೆ ಒಂದು ಗಂಟೆ ಕಾಲ ಏನೂ ತಿನ್ನಬಾರದು. ನಾನು ಹುಡುಗನಾಗಿದ್ದಾಗ ಮೂರು ಗಂಟೆ. ನಮ್ಮ ಅವ್ವನ ಕಾಲದಲ್ಲಿ ಹಿಂದಿನ ರಾತ್ರಿ ಹನ್ನೆರಡರಿಂದಲೇ ಉಪವಾಸ, ನೀರನ್ನೂ ಕುಡಿಯುತ್ತಿರಲಿಲ್ಲ.

ಗುರುಗಳ ಪೂಜಾವಸ್ತ್ರದ ಬಣ್ಣ ನೋಡಿದರೆ ವರ್ಷದ ಯಾವ ಕಾಲ ಎಂದು ತಿಳಿಯುತ್ತದೆ. ಕ್ರಿಸ್ಮಸ್ಸಿಗೂ ಪಾಸ್ಕ ಹಬ್ಬಕ್ಕೂ ಬಿಳಿ. ಆ ಹಬ್ಬಗಳಿಗೆ ಸಿದ್ಧವಾಗುವ ದಿನಗಳಲ್ಲಿ ನೇರಳೆ. ಗರಿಗಳ ಭಾನುವಾರ, ಶುಭ ಶುಕ್ರವಾರ ಕೆಂಪು. ಉಳಿದ ಸಾಮಾನ್ಯ ದಿನಗಳಿಗೆ ಹಸಿರು.

ವಾಚನಗಳಿಗೂ ಒಂದು ಲೆಕ್ಕವಿದೆ. ಮೂರು ವರ್ಷದ ಸುತ್ತು ಅದು. ಒಂದು ವರ್ಷ ಮತ್ತಾಯನ ಶುಭಸಂದೇಶ, ಮರುವರ್ಷ ಮಾರ್ಕನದು, ಅದರಾಚೆ ವರ್ಷ ಲೂಕನದು. ಯೊವಾನ್ನನ ಶುಭಸಂದೇಶ ಹೆಚ್ಚಾಗಿ ದೊಡ್ಡ ಹಬ್ಬಗಳ ಕಾಲದಲ್ಲಿ. ಸಾಮಾನ್ಯವಾಗಿ ಒಂದು ಭಾನುವಾರ ಕೊಳ್ಳೇಗಾಲದಲ್ಲಿ ಓದುವ ಭಾಗವನ್ನೇ ಅದೇ ದಿನ ಮೈಸೂರಿನ ಸಂತ ಫಿಲೋಮಿನಾ ದೇವಾಲಯದಲ್ಲೂ ಓದುತ್ತಾರೆ, ರೋಮಿನಲ್ಲೂ ಓದುತ್ತಾರೆ. ಬದಲಾಗುವುದು ಭಾಷೆ ಮಾತ್ರ.

ಪೂಜೆ ಮುಗಿಯುವ ಹೊತ್ತಿಗೆ ಪ್ರಕಟಣೆಗಳು. ನಿಜ ಹೇಳಬೇಕೆಂದರೆ ಆಗ ಎಲ್ಲರ ಕಿವಿಯೂ ನೆಟ್ಟಗಾಗುತ್ತದೆ. ಯಳಂದೂರಿನ ಕಡೆಯ ಹುಡುಗನಿಗೂ ನಮ್ಮ ಬೀದಿಯ ಹುಡುಗಿಗೂ ಮದುವೆ ಗೊತ್ತಾಗಿದ್ದರೆ ಅದನ್ನು ಮೊದಲೇ ಹೇಳಿ, ಯಾರಿಗಾದರೂ ಅಡ್ಡಿ ತಿಳಿದಿದ್ದರೆ ಬಂದು ಹೇಳಿ ಎನ್ನುತ್ತಾರೆ. ಕಾಮಗೆರೆಯ ಆಸ್ಪತ್ರೆಯಲ್ಲಿ ಮಲಗಿರುವವರಿಗೆ ರಕ್ತ ಬೇಕಿದ್ದರೆ ಅದೂ ಅಲ್ಲೇ ತಿಳಿಯುತ್ತದೆ. ಸಣ್ಣ ಊರಿನಲ್ಲಿ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಸಿಗಬೇಕಾದರೆ ವಾರಕ್ಕೊಮ್ಮೆ ಒಂದೇ ಸೂರಿನ ಕೆಳಗೆ ಕೂರಬೇಕು.

ಯಾರಿಗೂ ತಿಳಿಯದ ಮಾತು

ಚಿಕ್ಕವ್ವ ಬರುವುದಿಲ್ಲ ಎಂದ ದಿನ ಮೊಮ್ಮಗಳು ದಾರಿಯಲ್ಲಿ ಕೇಳಿದಳು: "ತಾತ, ಅರ್ಥ ಆಗ್ದೇ ಇದ್ರೆ ಪ್ರಾರ್ಥನೆ ಮಾಡಕ್ಕಾಗಲ್ವಾ?"

ನಾನು ನಕ್ಕುಬಿಟ್ಟೆ. ನನ್ನ ಬಾಲ್ಯದ ಪೂಜೆಯೆಲ್ಲ ಅರ್ಥವಾಗದ ಮಾತಿನಲ್ಲೇ ನಡೆದಿತ್ತು. 1960ರ ಸುಮಾರಿಗೆ ನನಗೆ ಒಂಬತ್ತು ವರ್ಷ. ನಾನು ಪೀಠಬಾಲಕ, ಅಂದರೆ ಪೂಜೆಯಲ್ಲಿ ಗುರುಗಳಿಗೆ ನೆರವಾಗುವ ಹುಡುಗ. ಪೂಜೆ ಪೂರ್ತಿ ಲ್ಯಾಟಿನ್ ಭಾಷೆಯಲ್ಲಿ. ಗುರುಗಳು ಜನರಿಗೆ ಬೆನ್ನು ಮಾಡಿ ಬಲಿಪೀಠದ ಕಡೆ ತಿರುಗಿ ನಿಲ್ಲುತ್ತಿದ್ದರು. ಅವರು ಒಂದು ಹೇಳಿದರೆ ನಾವು ಹುಡುಗರು ಲ್ಯಾಟಿನ್ನಿನಲ್ಲೇ ಒಂದು ಉತ್ತರ ಕೊಡಬೇಕಿತ್ತು. ನಮ್ಮ ಉಪದೇಶಿಗಳು ಆ ಉತ್ತರಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಟ್ಟಿದ್ದರು. ಮಗ್ಗಿ ಬಾಯಿಪಾಠ ಮಾಡಿದಂತೆ ಅದನ್ನು ಬಾಯಿಪಾಠ ಮಾಡಿದೆ. ಒಂದು ಅಕ್ಷರವೂ ತಿಳಿಯಲಿಲ್ಲ. ಒಮ್ಮೆ ಎರಡು ಉತ್ತರ ಅದಲು ಬದಲಾಗಿ, ಹೊಡೆಯಬಾರದ ಕಡೆ ಗಂಟೆಯನ್ನೂ ಹೊಡೆದುಬಿಟ್ಟೆ. ಹೆಂಗಸರ ಕಡೆಯಿಂದ ಅವ್ವ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಜನರು ಆಗ ಏನು ಮಾಡುತ್ತಿದ್ದರು? ತಮ್ಮ ತಮ್ಮ ಜಪಸರ ಹಿಡಿದು ತಮ್ಮ ತಮ್ಮ ಭಾಷೆಯಲ್ಲಿ ಮೆಲ್ಲಗೆ ಜಪ ಮಾಡುತ್ತಿದ್ದರು. ಪೀಠದ ಮೇಲೆ ಲ್ಯಾಟಿನ್, ಕೆಳಗೆ ಅಪ್ಪನ ಕನ್ನಡ, ಅವ್ವನ ತಮಿಳು.

ಆಮೇಲೆ ರೋಮಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಸೇರಿತು, 1962ರಿಂದ 1965ರವರೆಗೆ. ಪೂಜೆಯಲ್ಲಿ ಆಯಾ ಊರಿನ ಭಾಷೆ ಬಳಸಬಹುದು ಎಂಬ ನಿರ್ಧಾರ 1963ರ ಡಿಸೆಂಬರ್ 4ರಂದು ಪ್ರಕಟವಾಯಿತು. ಕೆಲವು ವರ್ಷಗಳಲ್ಲಿ ಗುರುಗಳು ನಮ್ಮ ಕಡೆ ತಿರುಗಿ ನಿಂತರು, ನಮ್ಮ ಮಾತಿನಲ್ಲೇ ಪೂಜೆ ಮಾಡಿದರು. ಇಷ್ಟು ದಿನ ಗಿಣಿಯ ಹಾಗೆ ಹೇಳುತ್ತಿದ್ದುದರ ಅರ್ಥ ಮೊದಲ ಸಲ ತಿಳಿದಾಗ ಮೈ ಜುಮ್ಮೆಂದಿತ್ತು.

'ನಮ್ಮ ಮಾತು' ಯಾವುದು?

ಆದರೆ ನಮ್ಮ ಕಡೆ ಇನ್ನೊಂದು ಪ್ರಶ್ನೆ ಇತ್ತು. ಊರಿನ ಭಾಷೆ ಎಂದರೆ ಯಾವುದು?

ಮಕ್ಕಳೇ, ನಾನು ಹುಟ್ಟಿದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿರಲಿಲ್ಲ. ಮದರಾಸಿನ ಆಡಳಿತದಲ್ಲಿ, ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕಾಗಿತ್ತು. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದ್ದು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿದ್ದ ಊರು. ಒಂದೇ ಹೊಳೆಯ ನೀರು, ಒಂದೇ ರಾಗಿಮುದ್ದೆ, ಆದರೆ ಸರ್ಕಾರ ಬೇರೆ. 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳಾದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಹನೂರು ತಾಲ್ಲೂಕಾಗಿದ್ದು ಈಚೆಗೆ.

ಭೂಪಟದಲ್ಲಿ ಗೆರೆ ಎಳೆದಷ್ಟು ಸುಲಭವಾಗಿ ಮನೆಯೊಳಗೆ ಗೆರೆ ಎಳೆಯಲು ಬರುವುದಿಲ್ಲ. ಅಪ್ಪ ಕನ್ನಡ ಪೂಜೆ ಬಂತೆಂದು ಹಿಗ್ಗಿದ. ಅವ್ವ ಸುಮ್ಮನಾದಳು. ಲ್ಯಾಟಿನ್ ಇದ್ದಾಗ ಇಬ್ಬರಿಗೂ ಸಮಾನವಾಗಿ ತಿಳಿಯುತ್ತಿರಲಿಲ್ಲ. ಈಗ ಒಬ್ಬರಿಗೆ ತಿಳಿಯಿತು, ಒಬ್ಬರಿಗೆ ತಿಳಿಯಲಿಲ್ಲ. ಅವ್ವ ನಿಧಾನವಾಗಿ ಕನ್ನಡ ಪೂಜೆ ಕಲಿತಳು. ಅವಳು ಮನೆಯಲ್ಲಿ ರಾತ್ರಿ ಹೇಳುತ್ತಿದ್ದ ತಮಿಳು ಪ್ರಾರ್ಥನೆಗಳನ್ನು ನಾವು ಯಾರೂ ಕಲಿಯಲಿಲ್ಲ. ಅವ್ವ ಹೋದಳು, ಅವೂ ಅವಳ ಜೊತೆಗೇ ಹೋದವು. ಆಗ ನನಗೆ ಅದು ನಷ್ಟ ಅನ್ನಿಸಿರಲಿಲ್ಲ. ಚಿಕ್ಕವ್ವ "ಊಮೈ" ಎಂದಾಗ ಅನ್ನಿಸಿತು.

ಸಮುವೇಲನ ಕಥೆ

2024ರ ಜನವರಿ 14, ಸಂಕ್ರಾಂತಿಯ ಹಿಂದಿನ ದಿನ, ಭಾನುವಾರ. ಅಂದಿನ ಮೊದಲ ವಾಚನ ಓದುವ ಸರದಿ ನನ್ನ ಮೊಮ್ಮಗಳಿಗೆ ಬಂತು. ಐದನೇ ತರಗತಿಯ ಹುಡುಗಿ. ವಾರವೆಲ್ಲ ಮನೆಯಲ್ಲಿ ಅಭ್ಯಾಸ. ಅಡುಗೆಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದುತ್ತಿದ್ದಳು. ಪಕ್ಕದಲ್ಲಿ ಚಿಕ್ಕವ್ವ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

ಅದು ಬಾಲಕ ಸಮುವೇಲನ ಕಥೆ. ಅವನು ದೇವರ ಗುಡಿಯಲ್ಲಿ ಮಲಗಿರುತ್ತಾನೆ. ರಾತ್ರಿ ಯಾರೋ ಹೆಸರು ಹಿಡಿದು ಕರೆಯುತ್ತಾರೆ. ಮುದುಕ ಗುರು ಏಲಿ ಕರೆದನೆಂದುಕೊಂಡು ಓಡುತ್ತಾನೆ. ನಾನು ಕರೆಯಲಿಲ್ಲ, ಹೋಗಿ ಮಲಗು ಎಂದು ಏಲಿ ಕಳಿಸುತ್ತಾನೆ. ಹೀಗೆ ಮೂರು ಸಲ. ಆಮೇಲೆ ಏಲಿಗೆ ಹೊಳೆಯುತ್ತದೆ, ಕರೆಯುತ್ತಿರುವವನು ದೇವರು ಎಂದು. ಇನ್ನೊಮ್ಮೆ ಕರೆದರೆ ಏನು ಉತ್ತರ ಕೊಡಬೇಕೆಂದು ಹುಡುಗನಿಗೆ ಹೇಳಿಕೊಡುತ್ತಾನೆ.

ಸಮುವೇಲ, ಏಲಿ ಎಂಬ ಎರಡು ಹೆಸರು ಕಿವಿಗೆ ಬಿದ್ದದ್ದೇ ಚಿಕ್ಕವ್ವ ಕೈ ನಿಲ್ಲಿಸಿದಳು. ಮುಂದಿನ ಕಥೆಯನ್ನು ತಮಿಳಿನಲ್ಲಿ ತಾನೇ ಹೇಳತೊಡಗಿದಳು. ಓದು ಬರಹ ಬಾರದವಳು. ಚಿಕ್ಕಂದಿನಲ್ಲಿ ಉಪದೇಶಿಯ ಬಾಯಿಂದ ಕೇಳಿದ್ದಂತೆ. ಮೊಮ್ಮಗಳು ಪುಸ್ತಕ ನೋಡುತ್ತಾಳೆ, ಪಾಟಿಯನ್ನು ನೋಡುತ್ತಾಳೆ. "ತಾತ, ಪಾಟಿ ನಂಗಿಂತ ಮುಂಚೇನೇ ಹೇಳ್ತಾ ಅವ್ರೆ!"

"ಪಾಟಿ, ಏಲಿಗೆ ಮೊದ್ಲೇ ಯಾಕೆ ಗೊತ್ತಾಗ್ಲಿಲ್ಲ? ಅವ್ರು ದೊಡ್ಡವ್ರಲ್ವಾ?" ಎಂದು ಹುಡುಗಿ ಕೇಳಿದಳು.

ಚಿಕ್ಕವ್ವ ತನ್ನ ಸಂತೆಯ ಕನ್ನಡದಲ್ಲಿ ಹೇಳಿದಳು: "ವಯಸ್ಸಾಯ್ತಲ್ಲ ಕಣ್ಣು, ಅವನಿಗೂ ಮೂರು ಸಲ ಬೇಕಾಯ್ತು."

ಆ ಭಾನುವಾರ ಚಿಕ್ಕವ್ವ ಮೊದಲ ಗಂಟೆಗೆ ಮುಂಚೆಯೇ ಜಗಲಿಯಲ್ಲಿ ಕೂತಿದ್ದಳು. ಯಾರೂ ಕರೆದಿರಲಿಲ್ಲ. ದೇವಾಲಯದಲ್ಲಿ ಮೊಮ್ಮಗಳು ಎರಡು ಕಡೆ ತಡವರಿಸಿದಳು. ಎರಡನೇ ಸಲ ತಡವರಿಸಿದಾಗ ಹೆಂಗಸರ ಸಾಲಿನಲ್ಲಿ ಚಿಕ್ಕವ್ವನ ತುಟಿ ಅಲ್ಲಾಡುತ್ತಿದ್ದುದನ್ನು ನಾನು ನೋಡಿದೆ. ಕೊನೆಯಲ್ಲಿ ಎಲ್ಲರ ಜೊತೆ 'ಆಮೆನ್' ಎಂದಳು. ಅದು ಕನ್ನಡವೂ ಅಲ್ಲ, ತಮಿಳೂ ಅಲ್ಲ, ಹಾಗೆಯೇ ಆಗಲಿ ಎನ್ನುವ ಹೀಬ್ರೂ ಮಾತು.

ನೂರು ಪುಟದ ನೋಟ್ ಬುಕ್ಕು

ಆ ಸಂಜೆ ಎಳ್ಳು ಬೆಲ್ಲ ಕಲಸುತ್ತಾ ಕೂತಿದ್ದಾಗ ಉಪದೇಶಿಗಳ ಹಾಳೆಯ ಕಥೆಯನ್ನು ಮೊಮ್ಮಗಳಿಗೆ ಹೇಳಿದೆ. "ಹಂಗಾದ್ರೆ ಪಾಟೀದನ್ನ ನಾನು ಬರ್ಕೋತೀನಿ" ಎಂದಳು. ತಮಿಳು ಅಕ್ಷರ ಅವಳಿಗೆ ಬಾರದು, ನನಗೂ ಬಾರದು. ಕನ್ನಡ ಅಕ್ಷರದಲ್ಲೇ ಶುರುವಾಯಿತು. ದಿನಾ ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ. ಪಾಟಿ ಹೇಳುವುದು, ಹುಡುಗಿ ಬರೆಯುವುದು, ಓದಿ ಹೇಳುವುದು, ಪಾಟಿ ತಿದ್ದುವುದು.

ಒಂದು ರಾತ್ರಿ ಇಬ್ಬರೂ ಸಿಕ್ಕಿಬಿದ್ದರು. ತಮಿಳಿನಲ್ಲಿ ನಾಲಿಗೆ ಮಡಚಿ ಹೇಳುವ ಒಂದು ಅಕ್ಷರವಿದೆ. ಅದನ್ನು ಯಾವ ಕನ್ನಡ ಅಕ್ಷರದಲ್ಲಿ ಬರೆಯುವುದು? ನಾನು ನಿವೃತ್ತ ಕನ್ನಡ ಮೇಷ್ಟ್ರು, ಅಂದು ನನ್ನ ವಿದ್ಯೆ ಉಪಯೋಗಕ್ಕೆ ಬಂತು. ಹಳಗನ್ನಡದಲ್ಲಿ ಆ ಅಕ್ಷರ ಇತ್ತು: ೞ. ನಮ್ಮ 'ಮಳೆ' ಹಿಂದೆ 'ಮೞೆ' ಆಗಿತ್ತು, ತಮಿಳಿನಲ್ಲಿ ಅದು ಇವತ್ತಿಗೂ 'ಮೞೈ'. ಕನ್ನಡ ಬಿಟ್ಟುಕೊಟ್ಟ ಅಕ್ಷರವನ್ನು ಮೊಮ್ಮಗಳು ಪಾಟಿಗಾಗಿ ನೋಟ್ ಬುಕ್ಕಿಗೆ ವಾಪಸು ತಂದಳು. ಪರೀಕ್ಷೆಯಲ್ಲಿ ಮಾತ್ರ ಬರೆಯಬೇಡ ಕೂಸೇ ಎಂದಿದ್ದೇನೆ.

ಈಗ ಚಿಕ್ಕವ್ವನಿಗೆ ಮರೆವು ಹೆಚ್ಚಾಗಿದೆ. ಬೆಳಿಗ್ಗೆ ತಿಂಡಿ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಜಪ ಮಾಡುವಾಗಲೂ ನಡುವೆ ಎಳೆ ತಪ್ಪಿ ಸುಮ್ಮನಾಗುತ್ತಾಳೆ. ಆಗ ಮೊಮ್ಮಗಳು ನೋಟ್ ಬುಕ್ಕು ತೆರೆದು ಮುಂದಿನ ಮಾತನ್ನು ಓದುತ್ತಾಳೆ. ಅಷ್ಟು ಸಾಕು, ಚಿಕ್ಕವ್ವ ಅಲ್ಲಿಂದ ಮುಂದೆ ತಾನೇ ಹೇಳಿಕೊಂಡು ಹೋಗುತ್ತಾಳೆ. ನೂರು ಪುಟದ ಪುಸ್ತಕದಲ್ಲಿ ಮೂವತ್ತೊಂದು ಪುಟ ತುಂಬಿದೆ. ಭಾನುವಾರ ಅದೂ ನಮ್ಮ ಜೊತೆ ದೇವಾಲಯಕ್ಕೆ ಬರುತ್ತದೆ.

ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇರಬಹುದು. ಅವರು ಹೇಳುವುದು ಮಾದಪ್ಪನ ಪದ ಇರಬಹುದು, ರಂಗಪ್ಪನ ಹಾಡು ಇರಬಹುದು, ನಮಾಜಿನ ನಂತರದ ದುವಾ ಇರಬಹುದು. ಅಜ್ಜ ಅಜ್ಜಿಯರೇ, ಯಾರಿಗೆ ಬೇಕು ಎಂದು ಸುಮ್ಮನಿರಬೇಡಿ, ಗಟ್ಟಿಯಾಗಿ ಹೇಳಿ. ಮಕ್ಕಳೇ, ಅರ್ಥವಾಗುವ ತನಕ ಕಾಯಬೇಡಿ, ಗೊತ್ತಿರುವ ಅಕ್ಷರದಲ್ಲಿ ಬರೆದಿಡಿ. ಅರ್ಥ ಆಮೇಲೆ ಕೇಳಿಕೊಳ್ಳಬಹುದು. ನಾನು ನನ್ನ ಅವ್ವನನ್ನು ಕೇಳಲಿಲ್ಲ.