ಬಣ್ಣವೂ ಬಿಸಿಯೂ

ಕಳೆದ ವರ್ಷದ ಬೇಸಗೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಅಗಲ್ಪಾಡಿಗೆ ಬಂದಿದ್ದವನು ನಮ್ಮನ್ನು ಕಾಣಲು ಮನೆಗೂ ಬಂದ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಅವನಿಗೆ ಉದ್ಯೋಗ. ಜಗಲಿಯಲ್ಲಿ ಕುಳಿತು ಮಾತನಾಡುತ್ತ ಹೀಗೆಂದ: "ಮಾಷ್ಟ್ರೇ, ಅಲ್ಲಿ ಮನೆಯನ್ನು ಬೆಚ್ಚಗಿಡಲು ಕೋಣೆಕೋಣೆಗೂ ರೇಡಿಯೇಟರ್ ಇದೆ. ಗೋಡೆಗೆ ಜೋಡಿಸಿದ ಉಕ್ಕಿನ ಪೆಟ್ಟಿಗೆ, ಒಳಗೆ ಬಿಸಿನೀರು ಹರಿಯುತ್ತದೆ. ನಮ್ಮಲ್ಲಿರುವ ಎಲ್ಲಕ್ಕೂ ಬಿಳಿ ಬಣ್ಣ. ಕಪ್ಪು ವಸ್ತು ಶಾಖವನ್ನು ಹೆಚ್ಚು ಸೂಸುತ್ತದೆಂದು ನೀವು ಕಲಿಸಿದ್ದಿರಲ್ಲ? ಕಪ್ಪು ಬಳಿಸಿದರೆ ಇಂಧನದ ಖರ್ಚು ಇಳಿದೀತೇ?"

ಕಲಿಸಿದ್ದು ನಿಜ. ಅಧ್ಯಾಪಕ ತರಬೇತಿಯಲ್ಲಿ ಬರೆದುಕೊಂಡ ಆ ವಾಕ್ಯವನ್ನು ಎಷ್ಟೋ ವರ್ಷಗಳಿಂದ ಕರಿಹಲಗೆಯ ಮೇಲೆ ಬರೆಯುತ್ತ ಬಂದವರು ನಾವು. ಆದರೆ ಒಮ್ಮೆಯಾದರೂ ಪರೀಕ್ಷಿಸಿದ್ದೆವೇ? ಇಲ್ಲ. ಎರಡು ದಿನ ಬಿಟ್ಟು ಬರುವಂತೆ ಅವನಿಗೆ ತಿಳಿಸಿದೆವು.

ಮರುದಿನ ನೆರೆಮನೆಯ ಮಕ್ಕಳನ್ನು ಸೇರಿಸಿ, ಒಂದೇ ಅಳತೆಯ ಮೂರು ತಗಡಿನ ಡಬ್ಬಿಗಳನ್ನು ತಂದೆವು. ಒಂದಕ್ಕೆ ಕಪ್ಪು ಬಣ್ಣ, ಒಂದಕ್ಕೆ ಬಿಳಿ ಬಣ್ಣ ಬಳಿದೆವು. ಮೂರನೆಯದನ್ನು ಬೂದಿಯಿಂದ ತಿಕ್ಕಿ ಹೊಳೆಯುವಂತೆ ಮಾಡಿದೆವು. ಬಚ್ಚಲಿನ ಹಂಡೆಯಿಂದ ಬಿಸಿನೀರು ತುಂಬಿ, ಮುಚ್ಚಳವಿಟ್ಟು, ಗಾಳಿಯಾಡದ ಕೋಣೆಯಲ್ಲಿರಿಸಿದೆವು. ಕಪ್ಪು ಡಬ್ಬಿಯ ನೀರೇ ಮೊದಲು ತಣಿಯುವುದೆಂದು ಮಕ್ಕಳು ಪಂಥ ಕಟ್ಟಿದರು. ನಮ್ಮ ಎಣಿಕೆಯೂ ಅದೇ. ಅರ್ಧ ಗಂಟೆಯ ಬಳಿಕ ಉಷ್ಣಮಾಪಕವನ್ನು ಅದ್ದಿ ನೋಡಿದರೆ, ಕಪ್ಪು ಬಿಳುಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ! ಹೊಳೆಯುವ ಡಬ್ಬಿಯ ನೀರು ಮಾತ್ರ ಹೆಚ್ಚು ಬಿಸಿಯಾಗಿ ಉಳಿದಿತ್ತು. ಅನಂತರ ಕಪ್ಪು ಬಿಳಿ ಡಬ್ಬಿಗಳಲ್ಲಿ ತಣ್ಣೀರು ತುಂಬಿ ಅಂಗಳದ ಬಿಸಿಲಿನಲ್ಲಿಟ್ಟೆವು. ಈ ಬಾರಿ ಕಪ್ಪು ಡಬ್ಬಿಯ ನೀರು ಸ್ಪಷ್ಟವಾಗಿ ಹೆಚ್ಚು ಕಾಯಿತು.

ಇದರ ಮರ್ಮವೇನು? ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿದೆ. ಅದರ ಶಕ್ತಿಯ ದೊಡ್ಡ ಪಾಲು ಕಣ್ಣಿಗೆ ಕಾಣುವ ಬೆಳಕಾಗಿಯೇ ಬರುತ್ತದೆ. ಬೆಳಕನ್ನು ಬಿಳುಪು ಹಿಂದಿರುಗಿಸುತ್ತದೆ, ಕಪ್ಪು ಹೀರುತ್ತದೆ. ಆದರೆ 60-70 ಡಿಗ್ರಿಯ ನೀರು ತುಂಬಿದ ಪಾತ್ರೆ ಸೂಸುವುದು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು. ಈ ಕಿರಣಗಳ ಮಟ್ಟಿಗೆ ಬಿಳಿಯ ಬಣ್ಣವೂ ಸುಣ್ಣವೂ ಕಪ್ಪಿನಂತೆಯೇ ವರ್ತಿಸುತ್ತವೆ. ಬೇರೆಯಾಗಿ ನಿಲ್ಲುವುದು ಹೊಳೆಯುವ ಲೋಹವೊಂದೇ.

ಇದೇನೂ ಹೊಸ ಶೋಧವಲ್ಲ. ಜಾನ್ ಲೆಸ್ಲಿ ಎಂಬ ವಿಜ್ಞಾನಿ ಘನಾಕಾರದ ತಗಡಿನ ಪಾತ್ರೆಯಲ್ಲಿ ಬಿಸಿನೀರು ತುಂಬಿ, ಅದರ ಮುಖಗಳು ಸೂಸುವ ಶಾಖವನ್ನು ಅಳೆದು, 1804ರಲ್ಲಿ ಗ್ರಂಥವನ್ನೇ ಪ್ರಕಟಿಸಿದ್ದ. ಮಸಿ ಬಳಿದ ಮುಖಕ್ಕೂ ಬಿಳಿ ಕಾಗದ ಹಚ್ಚಿದ ಮುಖಕ್ಕೂ ಅವನು ಕಂಡ ಅಂತರ ಅತ್ಯಲ್ಪ. ಹೊಳೆಯುವ ಲೋಹದ ಮುಖವು ಬಹಳ ಹಿಂದುಳಿದಿತ್ತು. ಮರುವರ್ಷ ಅವನು ಗಣಿತದ ಪ್ರಾಧ್ಯಾಪಕನಾದುದು ಅದೇ ಎಡಿನ್‌ಬರೋದಲ್ಲಿ!

ಶಿಷ್ಯನಿಗೆ ಹೇಳಿದೆವು: "ಬಿಳಿಯೇ ಇರಲಿ, ಕಪ್ಪು ಬಳಿಸಿದರೆ ಬಳಿಸಿದ ಖರ್ಚೇ ನಷ್ಟ. ಅಲ್ಯೂಮಿನಿಯಂ ಪುಡಿ ಬೆರೆತ ಬೆಳ್ಳಿ ಬಣ್ಣವನ್ನು ಮಾತ್ರ ಹಚ್ಚಬೇಡ, ಅದು ವಿಕಿರಣವನ್ನು ತಗ್ಗಿಸುತ್ತದೆ. ಇನ್ನೊಂದು, ಆ ಪೆಟ್ಟಿಗೆಯ ಶಾಖದಲ್ಲಿ ಬಹುಪಾಲು ಹರಡುವುದು ಕಾದು ಮೇಲೇರುವ ಗಾಳಿಯಿಂದ. ಆದುದರಿಂದ ಅದರೆದುರು ಪರದೆ, ಪೀಠೋಪಕರಣಗಳನ್ನು ಇರಿಸದಿರುವುದು ಬಣ್ಣಕ್ಕಿಂತ ಮುಖ್ಯ."

ಮಾತು ಅಲ್ಲಿಗೆ ಮುಗಿಯಲಿಲ್ಲ. ಮಂಗಗಳ ಉಪಟಳ ತಾಳಲಾರದೆ ಅವನು ಊರಿನ ಮನೆಯ ಹಂಚು ತೆಗೆಸಿ, ನೋಡಲು ಚೆಂದವೆಂದು ಕಡುಕಂದು ಬಣ್ಣದ ತಗಡಿನ ಶೀಟು ಹೊದೆಸಿದ್ದ. ಅದರಡಿಯ ಕೋಣೆಯಲ್ಲಿ ಎಂಬತ್ತು ದಾಟಿದ ಅವನ ತಾಯಿ. ಮಧ್ಯಾಹ್ನ ಅಲ್ಲಿ ಮಲಗಲಾರದೆ ಅವರು ಅಡಕೆ ತೋಟದ ನೆರಳಿಗೆ ಹೋಗಿ ಕೂರುವುದನ್ನು ನಾವು ಕಂಡಿದ್ದೆವು. "ನಿನ್ನ ಎಡಿನ್‌ಬರೋದ ಮನೆಯಲ್ಲಿ ಬಣ್ಣದಿಂದ ಏನೂ ಆಗದು, ನಿನ್ನ ಅಮ್ಮನ ಕೋಣೆಯಲ್ಲಿ ಬಹಳ ಆಗುತ್ತದೆ," ಎಂದೆವು. ಅವನು ತಲೆತಗ್ಗಿಸಿ ಕುಳಿತ. ಹೊರಡುವ ಮುನ್ನ ಮಾಡಿಗೆ ಬಿಳಿ ಬಣ್ಣ ಬಳಿಸಿದ.

ನಮ್ಮ ಹಿರಿಯರಿಗೆ ಈ ವಿವೇಕವಿತ್ತು. ಅಡಕೆ ಒಣಗಿಸುವ ಅಂಗಳವನ್ನು ಮಸಿ ಬೆರೆಸಿದ ಸೆಗಣಿಯಿಂದ ಸಾರಿಸಿ ಕಪ್ಪಾಗಿಸುತ್ತಿದ್ದರು. ಹಣ್ಣಡಕೆ ಒಣಗಲು 35-40 ದಿನಗಳ ಬಿಸಿಲು ಬೇಕು, ಅದರಲ್ಲಿ ತುಸುವೂ ವ್ಯರ್ಥವಾಗಬಾರದು. ಬಿಸಿಲು ಬೇಕಾದಲ್ಲಿ ಕಪ್ಪು, ಬೇಡವಾದಲ್ಲಿ ಬಿಳುಪು. ಬಿಳಿಯ ಮಾಡು ಬಿಸಿಲನ್ನು ಹಿಂದಿರುಗಿಸುವುದಷ್ಟೇ ಅಲ್ಲ, ಹೀರಿದ ಅಲ್ಪ ಶಾಖವನ್ನೂ ಆಕಾಶಕ್ಕೆ ಚೆನ್ನಾಗಿ ಸೂಸುತ್ತದೆ. ಆದರೆ ನಮ್ಮದು ಭಾರಿ ಮಳೆಯ ನಾಡು. ಮಳೆಗಾಲದಲ್ಲಿ ಪಾಚಿ ಕಟ್ಟಿ ಬಿಳುಪು ಕಪ್ಪಾಗುತ್ತದೆ. ಬೇಸಗೆಗೆ ಮೊದಲು ತೊಳೆಸಿ, ಅಗತ್ಯವಿದ್ದರೆ ಮತ್ತೆ ಬಳಿಸಬೇಕು.

ಈ ವರ್ಷದ ಮಾರ್ಚಿನಲ್ಲಿ ಆ ಮನೆಗೆ ಹೋಗಿದ್ದೆವು. ಫ್ಯಾನು ತಿರುಗುತ್ತಲೇ ಇತ್ತು, ಸೆಕೆಯೂ ಇತ್ತು. ಆದರೆ ನಡುಮಧ್ಯಾಹ್ನ ಆ ತಾಯಿ ತಮ್ಮ ಕೋಣೆಯಲ್ಲೇ ನಿದ್ದೆಹೋಗಿದ್ದರು. ಎಬ್ಬಿಸದೆ ಹಿಂದಿರುಗಿದೆವು.

ಈಗ ನಾವು ಕರಿಹಲಗೆಯ ಮೇಲಿನ ಆ ಹಳೆಯ ವಾಕ್ಯಕ್ಕೆ ಎರಡು ಪದ ಸೇರಿಸಿದ್ದೇವೆ: ಕಪ್ಪು ಹೆಚ್ಚು ಹೀರುತ್ತದೆ, ಬಿಳುಪು ಹಿಂದಿರುಗಿಸುತ್ತದೆ, ಅದು 'ಸೂರ್ಯನ ಬೆಳಕನ್ನು'.