ಗಾಯದ ಕಲೆ ಉಳಿಸಿಕೊಳ್ಳದ ಮೀನು

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಬಂದ ಯಾತ್ರಿಕರು ಕಾವೇರಿಯ ಮೆಟ್ಟಿಲ ಮೇಲೆ ನಿಂತು ಹಿಡಿ ಹಿಡಿ ಪುರಿ ಎರಚುತ್ತಾರೆ. ಪುರಿ ನೀರಿನ ಮೇಲೆ ಹರಡುವಷ್ಟರಲ್ಲೇ ಮಡುವಿನೊಳಗಿಂದ ದಪ್ಪ ದಪ್ಪ ಮೀನುಗಳು ಒಂದರ ಮೇಲೊಂದು ಬಿದ್ದು ಬರುತ್ತವೆ. ವಹ್ನಿ ಪುಷ್ಕರಣಿಯೆಂದು ಹೆಸರಾದ ಈ ಮತ್ಸ್ಯಧಾಮದಲ್ಲಿ ಬಲೆ ಬೀಸುವಂತಿಲ್ಲ, ಗಾಳ ಹಾಕುವಂತಿಲ್ಲ. ಇಲ್ಲಿಯ ಬಿಳಿಮೀನುಗಳು, ಅಂದರೆ ಮಹಶೀರ್‌ಗಳು, ದೇವರ ಮೀನುಗಳೆಂಬ ಭಕ್ತಿಯಿಂದಲೇ ಉಳಿದುಕೊಂಡಿವೆ.

ಹಗುರವಾದ ಪುರಿ ಬಿದ್ದ ಸುಳಿವು ಆಳದಲ್ಲಿರುವ ಮೀನಿಗೆ ಸಿಗುವುದು ಹೇಗೆ? ಕಣ್ಣು, ಮೂಗುಗಳ ಜೊತೆಗೆ ಅದಕ್ಕೆ ಇನ್ನೆರಡು ಏರ್ಪಾಡುಗಳಿವೆ. ಗೆಂಡೆ ಬಳಗದ ಮೀನುಗಳಲ್ಲಿ ಗಾಳಿ ತುಂಬಿದ ಈಜುಚೀಲವು ಸದ್ದಿಗೆ ಕಂಪಿಸುತ್ತದೆ. ಆ ಕಂಪನವನ್ನು ಪುಟ್ಟ ಮೂಳೆಗಳ ಸರಪಳಿಯೊಂದು ಒಳಗಿವಿಗೆ ಮುಟ್ಟಿಸುತ್ತದೆ. ಈ ಮೂಳೆಗಳನ್ನು ಜರ್ಮನಿಯ ಅರ್ನ್ಸ್ಟ್ ವೇಬರ್ 1820ರಲ್ಲೇ ವಿವರಿಸಿದ್ದ. ಎರಡನೆಯದು ಮೈಯ ಎರಡೂ ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಹರಿದಿರುವ ಪಾರ್ಶ್ವರೇಖೆ. ನೀರಿನ ಅಲುಗಾಟವನ್ನು ಅದು ಚರ್ಮದ ಮೇಲೆಯೇ ಓದಿಕೊಳ್ಳುತ್ತದೆ. ಎರಡೂ ಕಡೆ ಕೆಲಸ ಮಾಡುವುದು ಒಂದೇ ಬಗೆಯ ಜೀವಕೋಶ: ತುದಿಯಲ್ಲಿ ನವಿರಾದ ಕೂದಲಿನಂಥ ಎಳೆಗಳಿರುವ ರೋಮಕೋಶ. ಮನುಷ್ಯನ ಕಿವಿಯೊಳಗೆ ಸದ್ದನ್ನು ನರದ ಸಂದೇಶವಾಗಿ ಬದಲಿಸುವುದೂ ಇಂಥದೇ ಕೋಶ.

ವ್ಯತ್ಯಾಸವಿರುವುದು ಈ ಕೋಶ ಸತ್ತ ಮೇಲೆ. ನಮ್ಮ ಒಂದೊಂದು ಕಿವಿಯಲ್ಲೂ ಸುಮಾರು 15,000 ರೋಮಕೋಶಗಳಿವೆ. ವಯಸ್ಸು, ಕಾರ್ಖಾನೆಯ ಗದ್ದಲ ಅಥವಾ ಕೆಲವು ಔಷಧಿಗಳಿಂದ ಸತ್ತವು ಮತ್ತೆ ಹುಟ್ಟುವುದಿಲ್ಲ. ಮೀನಿಗೆ ಅವು ಮತ್ತೆ ಹುಟ್ಟುತ್ತವೆ. ಕಿವಿಯಷ್ಟೇ ಅಲ್ಲ, ಕಣ್ಣಿನ ಪರದೆ, ಬೆನ್ನುಹುರಿ, ಹೃದಯದ ಸ್ನಾಯು ಕೂಡ. ಈ ಗುಟ್ಟನ್ನು ಹಿಡಿಯಲು ಜಗತ್ತಿನ ಪ್ರಯೋಗಾಲಯಗಳು ಆಯ್ದುಕೊಂಡಿರುವುದು ಬಿಳಿಮೀನಿನ ದೂರದ ನೆಂಟನೊಬ್ಬನನ್ನು. ಮೈಮೇಲೆ ನೀಲಿ ಪಟ್ಟೆಗಳಿರುವ, ಬೆರಳಿಗಿಂತ ಗಿಡ್ಡನೆಯ ಜೀಬ್ರಾ ಮೀನು ಅದು.

ಇದು ಭಾರತ ಉಪಖಂಡದ್ದೇ ಜೀವಿ. ಗಂಗೆ, ಬ್ರಹ್ಮಪುತ್ರಗಳ ಬಯಲಿನಲ್ಲಿ, ಪಶ್ಚಿಮಘಟ್ಟದ ತೊರೆಗಳಲ್ಲಿ ಸಿಗುತ್ತದೆ. ಇದನ್ನು ವಿಜ್ಞಾನಕ್ಕೆ ಪರಿಚಯಿಸಿದವನ ಹೆಸರೂ ಕನ್ನಡಿಗರಿಗೆ ಹೊಸದಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯ ಬೆಳೆ, ಕಸುಬು, ಜನಜೀವನದ ವರದಿ ಬರೆಯಲು ಹೊರಟ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ಸೇರಿಸಿಕೊಂಡು, 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥ ಪ್ರಕಟಿಸಿದ. ಜೀಬ್ರಾ ಮೀನಿನ ಮೊದಲ ವರ್ಣನೆ ಇರುವುದು ಅದರಲ್ಲೇ. ಆದರೆ ಹಿತ್ತಲ ಗಿಡ ಮದ್ದಾಗಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಜಾರ್ಜ್ ಸ್ಟ್ರೈಸಿಂಗರ್ ಎಂಬ ವಿಜ್ಞಾನಿ ಇದನ್ನು ಸಾಕುಮೀನಿನ ಅಂಗಡಿಯಿಂದ ತಂದು ಸಂಶೋಧನೆಗೆ ಹಚ್ಚಿದ.

ಆ ಆಯ್ಕೆಗೆ ಗಟ್ಟಿ ಕಾರಣಗಳಿದ್ದವು. ಒಂದು ಹೆಣ್ಣುಮೀನು ಒಮ್ಮೆಗೆ ಇನ್ನೂರು ಮುನ್ನೂರು ಮೊಟ್ಟೆ ಇಡಬಲ್ಲದು. ಮೊಟ್ಟೆ ತಾಯಿಯ ಹೊಟ್ಟೆಯ ಹೊರಗೇ ಬೆಳೆಯುತ್ತದೆ, ಭ್ರೂಣ ಗಾಜಿನಂತೆ ಪಾರದರ್ಶಕ. ಇಪ್ಪತ್ತನಾಲ್ಕು ಗಂಟೆ ಕಳೆಯುವಷ್ಟರಲ್ಲಿ ಹೃದಯ ಬಡಿಯತೊಡಗುತ್ತದೆ, ಮೂರು ತಿಂಗಳಿಗೆ ಮರಿ ಪ್ರಾಯಕ್ಕೆ ಬರುತ್ತದೆ. 2013ರಲ್ಲಿ ಇದರ ಪೂರ್ಣ ಜೀನೋಮ್ ಪ್ರಕಟವಾದಾಗ ಮನುಷ್ಯನ ಸುಮಾರು ಶೇ 70ರಷ್ಟು ಜೀನ್‌ಗಳಿಗೆ ಮೀನಿನಲ್ಲಿ ಜೋಡಿ ಸಿಕ್ಕಿತು.

ಐದು ದಿನದ ಮರಿಯೊಂದನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಪಾರ್ಶ್ವರೇಖೆಯ ಗುಂಡಿಗಳು ಸಾಲಾಗಿ ಕಾಣುತ್ತವೆ. ಒಂದೊಂದು ಗುಂಡಿಯಲ್ಲೂ ಹತ್ತಾರು ರೋಮಕೋಶಗಳು ಗುಂಪುಗೂಡಿವೆ. ಅವುಗಳ ಎಳೆಗಳು ಲೋಳೆಯ ಟೊಪ್ಪಿಯೊಳಗೆ ಹುದುಗಿವೆ; ನೀರು ಸರಿದಂತೆ ಟೊಪ್ಪಿ ಬಾಗುತ್ತದೆ. ಈಗ ನೀರಿಗೆ ನಿಯೋಮೈಸಿನ್ ಎಂಬ ಪ್ರತಿಜೀವಕ ಬೆರೆಸಿದರೆ ಗಂಟೆಯೊಳಗೆ ರೋಮಕೋಶಗಳು ಕುಗ್ಗಿ ಸಾಯುತ್ತವೆ. ಅಲ್ಲಿಂದ ಮುಂದಿನದು ನೋಡಬೇಕಾದ್ದು. ಸುತ್ತ ಒತ್ತಿನಿಂತಿದ್ದ ಆಸರೆಕೋಶಗಳು ಒಡೆದು ಎರಡಾಗುತ್ತವೆ, ಎರಡೂ ರೋಮಕೋಶಗಳಾಗಿ ಮಾರ್ಪಡುತ್ತವೆ. ಎರಡು ಮೂರು ದಿನಗಳಲ್ಲಿ ಗುಂಡಿ ಬಹುಮಟ್ಟಿಗೆ ಮತ್ತೆ ತುಂಬಿಕೊಳ್ಳುತ್ತದೆ. ನಮ್ಮ ಕಿವಿಯಲ್ಲೂ ಆಸರೆಕೋಶಗಳಿವೆ. ಆದರೆ ಅವು ಕದಲುವುದಿಲ್ಲ.

ನಿಯೋಮೈಸಿನ್‌ನ ಬಳಗದ ಸ್ಟ್ರೆಪ್ಟೊಮೈಸಿನ್, ಅಮಿಕಾಸಿನ್‌ಗಳನ್ನು ಕ್ಷಯರೋಗಿಗಳಿಗೆ ತಿಂಗಳುಗಟ್ಟಲೆ ಚುಚ್ಚಿದ ಕಾಲವಿತ್ತು. ರೋಗ ವಾಸಿಯಾದರೂ ಕೆಲವರ ಕಿವಿ ಹೋಯಿತು. ಕಿವಿ ಉಳಿಸುವ ರಾಸಾಯನಿಕ ಹುಡುಕಲು ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ರೈಬಲ್ ಮತ್ತು ಎಡ್ವಿನ್ ರುಬೆಲ್ ತಂಡ ಜೀಬ್ರಾ ಮೀನಿನ ಮರಿಗಳ ಮೇಲೆ ಹತ್ತು ಸಾವಿರಕ್ಕೂ ಹೆಚ್ಚು ಸಂಯುಕ್ತಗಳನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿತು. ಅಲ್ಲಿ ಸಿಕ್ಕ ಒಂದು ಎಳೆಯನ್ನು ಹಿಡಿದು ಬೆಳೆಸಿದ ಔಷಧಿ ಮನುಷ್ಯರ ಮೇಲಿನ ಪರೀಕ್ಷೆಯ ಹಂತ ತಲುಪಿದೆ. ಇಲಿಗಳಲ್ಲಿ ಇಷ್ಟು ಸಂಯುಕ್ತಗಳನ್ನು ಜಾಲಾಡಲು ವರ್ಷಗಳೇ ಬೇಕಾಗುತ್ತಿದ್ದವು.

ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ ವತ್ಸಲಾ ತಿರುಮಲೈ ಅವರ ತಂಡ ಇದೇ ಮೀನಿನ ಮಿದುಳನ್ನು ಓದುತ್ತಿದೆ. ನಾಲ್ಕು ಮಿಲಿಮೀಟರ್‌ನಷ್ಟಿರುವ ಮರಿಯ ತಲೆಯನ್ನು ಅಗರ್ ಲೋಳೆಯಲ್ಲಿ ಅಲುಗದಂತೆ ಹಿಡಿದು, ಬಾಲವನ್ನು ಬಿಡಿಯಾಗಿ ಬಿಟ್ಟು, ಕೆಳಗೆ ಪಟ್ಟೆಗಳು ಸರಿಯುವ ಚಿತ್ರ ತೋರಿಸುತ್ತಾರೆ. ಪ್ರವಾಹ ತನ್ನನ್ನು ಕೊಚ್ಚಿಕೊಂಡು ಹೋಗುತ್ತಿದೆಯೆಂದು ತಿಳಿದ ಮರಿ ಬಾಲ ಬಡಿದು ಈಜುತ್ತದೆ. ಪಟ್ಟೆಗಳು ಒಂದೇ ಅಂತರದಲ್ಲಿ ಮರುಕಳಿಸಿದರೆ ಕಿರುಮೆದುಳಿನ ಪರ್ಕಿಂಜೆ ಕೋಶಗಳು ಮುಂದಿನ ಸರದಿಯನ್ನು ಮೊದಲೇ ನಿರೀಕ್ಷಿಸತೊಡಗುತ್ತವೆ, ಮರಿ ಬೇಗ ಈಜಲು ತೊಡಗುತ್ತದೆ. 2024ರಲ್ಲಿ ಪ್ರಕಟವಾದ ಈ ಅಧ್ಯಯನ ಕಣ್ಣು ಕಂಡದ್ದು ಚಲನೆಯಾಗುವ ದಾರಿಯನ್ನು ಬದುಕಿರುವ ಮಿದುಳಿನಲ್ಲೇ ತೋರಿಸಿತು.

ರೋಗನಿರೋಧಕ ಶಕ್ತಿಯ ಅಧ್ಯಯನಕ್ಕೂ ಪಾರದರ್ಶಕ ಮೈಯೇ ದೊಡ್ಡ ವರ. ಬರೋಡಾದಲ್ಲಿ ವೈದ್ಯಶಿಕ್ಷಣ ಪಡೆದು ಈಗ ಕೇಂಬ್ರಿಜ್‌ನಲ್ಲಿರುವ ಲಲಿತಾ ರಾಮಕೃಷ್ಣನ್ ಆಯ್ದುಕೊಂಡದ್ದು ಮೀನುಗಳಿಗೆ ಕ್ಷಯದಂಥದೇ ಕಾಯಿಲೆ ತರುವ ಬ್ಯಾಕ್ಟೀರಿಯಾವನ್ನು. ರೋಗಾಣುಗಳನ್ನು ನುಂಗುವ ದೇಹದ ಭಕ್ಷಕಕೋಶಗಳು ಕ್ಷಯಾಣುವಿನ ಸುತ್ತ ಗಂಟು ಕಟ್ಟುತ್ತವೆ. ಅದು ವೈರಿಯನ್ನು ಸೆರೆಹಾಕುವ ಕೋಟೆಯೆಂದೇ ವೈದ್ಯಲೋಕ ನಂಬಿತ್ತು. ಮೀನಿನ ಮರಿಯೊಳಗೆ ಕಂಡದ್ದು ಬೇರೆ. ಬ್ಯಾಕ್ಟೀರಿಯಾ ಹೊಸ ಹೊಸ ಭಕ್ಷಕಕೋಶಗಳನ್ನು ತನ್ನತ್ತ ಸೆಳೆದು, ಅವುಗಳೊಳಗೆ ಹೊಕ್ಕು, ಅವುಗಳ ಬೆನ್ನೇರಿಯೇ ಮೈತುಂಬ ಹರಡುತ್ತಿತ್ತು. 2009ರ ಈ ಶೋಧ ಸೋಂಕಿನ ಮೊದಲ ದಿನಗಳ ಚಿತ್ರವನ್ನೇ ಬದಲಿಸಿತು.

ಮೀನಿನ ರೋಗನಿರೋಧಕ ಶಕ್ತಿಯನ್ನು ಮೀನಿನ ಹಿತಕ್ಕಾಗಿಯೇ ಓದಿದವರೂ ಕರ್ನಾಟಕದಲ್ಲಿದ್ದಾರೆ, ಮತ್ತು ಈ ಕೆಲಸ ಹಾಸನ ಸೀಮೆಗೆ ನೇರವಾಗಿ ತಾಗುತ್ತದೆ. ಚನ್ನರಾಯಪಟ್ಟಣ, ಹೊಳೆನರಸೀಪುರದ ಕೆರೆಗಳಲ್ಲಿ ಬಲೆಗೆ ಬೀಳುವ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳಿಗೆ ಏರೊಮೊನಾಸ್ ಎಂಬ ಬ್ಯಾಕ್ಟೀರಿಯಾ ದೊಡ್ಡ ಶತ್ರು. ಅದು ತಗುಲಿದರೆ ಹುರುಪೆಯಡಿ ರಕ್ತ ಒಸರುತ್ತದೆ, ಹುಣ್ಣಾಗುತ್ತದೆ, ಹೊಟ್ಟೆ ಉಬ್ಬುತ್ತದೆ. ಕೆರೆಗೆ ಬಿಟ್ಟ ಸಾವಿರಾರು ಮರಿಗಳಿಗೆ ಒಂದೊಂದಾಗಿ ಸೂಜಿ ಚುಚ್ಚುವುದು ಆಗದ ಮಾತು. ಲಸಿಕೆಯನ್ನು ಆಹಾರದಲ್ಲಿ ಬೆರೆಸಿದರೆ ಕರುಳು ಅದನ್ನು ಅರಗಿಸಿಬಿಡುತ್ತದೆ.

1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಕೆ.ಎಂ. ಶಂಕರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದಕ್ಕೊಂದು ಉಪಾಯ ಕಂಡರು. ಬ್ಯಾಕ್ಟೀರಿಯಾಗಳನ್ನು ಕೈಟಿನ್ ಚಕ್ಕೆಗಳ ಮೇಲೆ ಲೋಳೆಪದರವಾಗಿ ಬೆಳೆಸಿ, ಕಾಯಿಸಿ ಕೊಂದು, ಆಹಾರದಲ್ಲಿ ಉಣಿಸಿದರು. ಸುತ್ತಲಿನ ಲೋಳೆ ಅವನ್ನು ಜೀರ್ಣರಸದಿಂದ ಕಾಪಾಡಿ ಹಿಂಗರುಳಿನವರೆಗೆ ಸಾಗಿಸಿತು. ರೋಗನಿರೋಧಕ ವ್ಯವಸ್ಥೆ ಅವನ್ನು ಗುರುತು ಹಿಡಿಯುವುದು ಅಲ್ಲಿ. ಬಿಡಿ ಬ್ಯಾಕ್ಟೀರಿಯಾ ಉಣಿಸಿದ ಮೀನುಗಳಿಗಿಂತ ಇವುಗಳಲ್ಲಿ ಪ್ರತಿಕಾಯ ಹೆಚ್ಚಿತು, ಸೋಂಕು ತಗುಲಿಸಿದಾಗ ಬದುಕುಳಿದವು ಹೆಚ್ಚಾದವು. ಮುಂದೆ ಇದೇ ವಿಧಾನವನ್ನು ಕೊರವ ಮೀನಿನ ಮೇಲೂ ಪರೀಕ್ಷಿಸಲಾಯಿತು.

ಇನ್ನು ಅಂಗ ಮರುಬೆಳೆಯುವ ಸಂಗತಿ. 2002ರಲ್ಲಿ ಕೆನೆತ್ ಪಾಸ್ ಮತ್ತು ಮಾರ್ಕ್ ಕೀಟಿಂಗ್ ತಂಡ ಜೀಬ್ರಾ ಮೀನಿನ ಹೃದಯದ ಕೆಳಕೋಣೆಯ ಐದನೇ ಒಂದು ಭಾಗವನ್ನು ಕತ್ತರಿಸಿ ತೆಗೆಯಿತು. ರಕ್ತ ಹೆಪ್ಪುಗಟ್ಟಿತು, ಮೀನು ಬದುಕಿತು, ಎರಡು ತಿಂಗಳಲ್ಲಿ ಹೊಸ ಸ್ನಾಯು ತುಂಬಿಕೊಂಡಿತು, ಕಲೆ ಉಳಿಯಲಿಲ್ಲ. ಉಳಿದ ಸ್ನಾಯುಕೋಶಗಳೇ ಮತ್ತೆ ವಿಭಜನೆಗೊಂಡು ಈ ಕೆಲಸ ಮಾಡುತ್ತವೆಂದು 2010ರಲ್ಲಿ ಗೊತ್ತಾಯಿತು. ಮನುಷ್ಯನಿಗೆ ಹೃದಯಾಘಾತವಾದರೆ ಸತ್ತ ಸ್ನಾಯುವಿನ ಜಾಗದಲ್ಲಿ ಕಲೆಗಟ್ಟುತ್ತದೆ. ಆ ಕಲೆ ಹೃದಯವನ್ನು ಒಡೆಯದಂತೆ ಹಿಡಿದಿಡುತ್ತದೆ, ಆದರೆ ಮಿಡಿಯುವುದಿಲ್ಲ.

ಸಸ್ತನಿಗಳಲ್ಲಿ ಈ ಶಕ್ತಿ ಬೇರುಸಹಿತ ಇಲ್ಲವಾಗಿದೆಯೇ? ಹುಟ್ಟಿದ ಮೊದಲ ದಿನ ಇಲಿಮರಿಯ ಹೃದಯವೂ ಗಾಯವಾದ ಜಾಗವನ್ನು ಮತ್ತೆ ಬೆಳೆಸಿಕೊಳ್ಳುತ್ತದೆ, ಏಳನೆಯ ದಿನಕ್ಕೆ ಆ ಸಾಮರ್ಥ್ಯ ಮಾಯವಾಗಿರುತ್ತದೆ ಎಂದು 2011ರಲ್ಲಿ ತಿಳಿಯಿತು. ಎಲ್ಲ ಮೀನಿಗೂ ಈ ಭಾಗ್ಯವಿಲ್ಲ ಎನ್ನುವುದು ಅಷ್ಟೇ ಮುಖ್ಯ. ಜಪಾನಿನ ಭತ್ತದ ಗದ್ದೆಗಳ ಮೆಡಾಕ ಮೀನಿನ ಹೃದಯಕ್ಕೆ ಪೆಟ್ಟಾದರೆ ನಮ್ಮಂತೆಯೇ ಕಲೆ ಉಳಿಯುತ್ತದೆ. ಎರಡನ್ನೂ ಹೋಲಿಸಿದ ಜರ್ಮನಿಯ ತಂಡವೊಂದಕ್ಕೆ ವ್ಯತ್ಯಾಸ ಕಂಡದ್ದು ರೋಗನಿರೋಧಕ ವ್ಯವಸ್ಥೆಯಲ್ಲಿ. ಜೀಬ್ರಾ ಮೀನಿನ ಗಾಯಕ್ಕೆ ಭಕ್ಷಕಕೋಶಗಳು ಬೇಗ ಬಂದು ಸೇರುತ್ತವೆ, ಮೆಡಾಕದಲ್ಲಿ ತಡ. ಮದ್ದಿನಿಂದ ಮೆಡಾಕದ ನಿರೋಧಕ ವ್ಯವಸ್ಥೆಯನ್ನು ಎಚ್ಚರಿಸಿದಾಗ ಅದರ ಹೃದಯವೂ ಮರುಬೆಳವಣಿಗೆಯತ್ತ ಹೊರಳಿತು. ರೋಗದ ವಿರುದ್ಧ ಕಾಯುವ ಕೋಶಗಳೇ ಅಂಗ ಕಟ್ಟುವ ಕೆಲಸಕ್ಕೂ ಬೇಕು ಎಂಬುದು 2017ರ ಈ ಅಧ್ಯಯನದ ತಿರುಳು.

ಭಾರತದಲ್ಲೂ ಈ ಜಾಡಿನಲ್ಲಿ ಗಂಭೀರ ಕೆಲಸ ನಡೆದಿದೆ. ಮೊಹಾಲಿಯ ಐಸರ್ ವಿಜ್ಞಾನ ಸಂಸ್ಥೆಯಲ್ಲಿ ರಾಜೇಶ್ ರಾಮಚಂದ್ರನ್ ಕಣ್ಣಿನ ಪರದೆಯ ಮ್ಯೂಲರ್ ಕೋಶಗಳು ಹೊಸ ನರಕೋಶ ಹುಟ್ಟಿಸುವ ಬಗೆಯನ್ನು ಬಿಡಿಸುತ್ತಿದ್ದಾರೆ. ಪುಣೆಯ ಅಘಾರ್ಕರ್ ಸಂಸ್ಥೆಯಲ್ಲಿ ಚಿನ್ಮಯ್ ಪಾತ್ರ ಅವರ ತಂಡ ಬೆನ್ನೆಲುಬಿನ ನಡುವಿನ ಬಿಲ್ಲೆಗಳ ಮರುಬೆಳವಣಿಗೆಗೆ ಬೇಕಾದ ಪ್ರೋಟೀನ್ ಸಂದೇಶವನ್ನು ಮೀನಿನಲ್ಲಿ ಗುರುತಿಸಿದೆ. ದೆಹಲಿಯ ಐಜಿಐಬಿ ಸಂಶೋಧನಾ ಸಂಸ್ಥೆ 2009ರಲ್ಲೇ ಕಾಡುತಳಿಯ ಜೀಬ್ರಾ ಮೀನಿನ ಜೀನೋಮ್ ಓದಿ ಮುಗಿಸಿತು.

ಮೀನಿನಲ್ಲಿ ಗೆದ್ದದ್ದೆಲ್ಲ ಮನುಷ್ಯನಲ್ಲಿ ಗೆಲ್ಲುವುದಿಲ್ಲ. ತಣ್ಣನೆಯ ರಕ್ತದ ಪುಟ್ಟ ಹೃದಯ ಬೇರೆ, ದಿನಕ್ಕೆ ಲಕ್ಷ ಬಾರಿ ಬಡಿಯುವ ನಮ್ಮ ಹೃದಯ ಬೇರೆ. ಹೃದಯ ಬೆಳೆಸುವ ಮಾತ್ರೆ ಬಂತೆಂದು ಯಾರಾದರೂ ಮಾರಲು ಬಂದರೆ ನಂಬಬಾರದು. ಮೀನು ಕೊಟ್ಟಿರುವುದು ಮುರಿದ ಅಂಗ ಮತ್ತೆ ಕಟ್ಟಬಹುದು ಎಂಬುದಕ್ಕೆ ಪುರಾವೆ, ಮತ್ತು ಎಲ್ಲಿ ಹುಡುಕಬೇಕೆಂಬ ಸುಳಿವು.

ಇಂಥ ಇನ್ನೆಷ್ಟು ಸುಳಿವುಗಳು ನಮ್ಮ ಹಳ್ಳಕೊಳ್ಳಗಳಲ್ಲಿವೆಯೋ ಪರೀಕ್ಷಿಸಿದವರು ಕಡಿಮೆ. ಸೊಳ್ಳೆ ನಿಯಂತ್ರಣಕ್ಕೆಂದು ಬಿಟ್ಟ ಗಾಂಬೂಸಿಯಾ, ಎಲ್ಲೆಡೆ ಹಬ್ಬಿದ ತಿಲಾಪಿಯಾ, ಹೊಲದಿಂದ ಇಳಿದು ಬರುವ ಕೀಟನಾಶಕಗಳ ನಡುವೆ ದೇಸಿ ಕಿರುಮೀನುಗಳ ಜಾಗ ಕುಗ್ಗುತ್ತಿದೆ. ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ ಅವುಗಳ ಬಗ್ಗೆ ಲೆಕ್ಕ ಇಡುವವರೂ ವಿರಳ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಪದವಿ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ಹೇಮಾವತಿ ನಾಲೆಯ, ಊರಕೆರೆಯ ಕಿರುಮೀನುಗಳ ಪಟ್ಟಿಯನ್ನು ವರ್ಷವರ್ಷ ಮಾಡಬಹುದು. ಅದಕ್ಕೆ ಬೇಕಾದದ್ದು ಒಂದು ಕೈಬಲೆ, ಒಂದು ಗಾಜಿನ ತೊಟ್ಟಿ, ಒಂದು ಸಾಧಾರಣ ಸೂಕ್ಷ್ಮದರ್ಶಕ ಮತ್ತು ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವ ಎಚ್ಚರ. ಬೆಂಗಳೂರು, ಮಂಗಳೂರಿನ ಸಂಶೋಧಕರಿಗೆ ಮುಂದಿನ ಪ್ರಶ್ನೆ ಆ ಪಟ್ಟಿಯಿಂದಲೂ ಸಿಗಬಹುದು.