ಬೆಳ್ಳಗಾಗುವುದು ಬೇಡ, ಕಳೆ ಬಂದರೆ ಸಾಕು

ಶಿವರಾತ್ರಿ ಬಂತೆಂದರೆ ಚಳಿ ‘ಶಿವ ಶಿವಾ’ ಎನ್ನುತ್ತಾ ಓಡಿಹೋಗುತ್ತದೆ ಎಂಬ ಮಾತಿದೆ. ಚಳಿಯೇನೋ ಹೋಗುತ್ತದೆ, ಹೋಗುವಾಗ ನಮ್ಮ ಮುಖದ ಕಳೆಯನ್ನೂ ಜೊತೆಗೆ ಒಯ್ದಿರುತ್ತದೆ. ತುಟಿ ಒಡೆದಿರುತ್ತದೆ, ಹಿಮ್ಮಡಿ ಬಿರಿದಿರುತ್ತದೆ, ಕಾಲಿನ ಮೇಲೆ ಉಗುರಿನಿಂದ ಗೀರಿದರೆ ಬಿಳಿ ಗೆರೆ ಮೂಡುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಕ್ಯಾಂಪಸ್ ಸಂದರ್ಶನ, ಅರ್ಜಿಗೆ ಅಂಟಿಸಲು ಪಾಸ್‌ಪೋರ್ಟ್ ಸೈಜ್ ಫೋಟೊ, ಕಾಲೇಜಿನ ಸೆಂಡ್‌ಆಫ್, ಊರಿನ ಮದುವೆಗಳು! ಎದುರು ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ, ‘ಯಾಕವಾ, ಮಾರಿ ಹಿಂಗ್ಯಾಕ ಬಾಡೇತಿ?’

ಧಾರವಾಡದ ನಮ್ಮ ಹಾಸ್ಟೆಲಿನಲ್ಲಿ ಜನವರಿ ಮುಗಿಯುತ್ತಿದ್ದಂತೆ ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಶುರುವಾಗುತ್ತದೆ. ಒಬ್ಬಳು ಕಡಲೆಹಿಟ್ಟು ಕಲಸುತ್ತಾಳೆ, ಇನ್ನೊಬ್ಬಳು ಮುಲ್ತಾನಿ ಮಿಟ್ಟಿ ಮೆತ್ತಿಕೊಂಡು ಮಾತೇ ಆಡದೆ ಕೂರುತ್ತಾಳೆ, ಮತ್ತೊಬ್ಬಳು ಮೆಸ್‌ನಿಂದ ತಂದ ಅರ್ಧ ಹೋಳು ನಿಂಬೆಹಣ್ಣನ್ನು ಕೆನ್ನೆಗೆ ಉಜ್ಜುತ್ತಾಳೆ. ಎಲ್ಲರೂ ಅಂದುಕೊಂಡಿರುವುದು ‘ಕಪ್ಪಾಗಿಬಿಟ್ಟಿದ್ದೇವೆ’ ಎಂದು. ನಿಜ ಹೇಳಬೇಕೆಂದರೆ ನಾವು ಕಪ್ಪಾಗಿರುವುದಕ್ಕಿಂತ ಒಣಗಿರುವುದೇ ಹೆಚ್ಚು.

ನಮ್ಮ ಚರ್ಮದ ತೀರಾ ಮೇಲಿನ ಪದರ ಸತ್ತ ಜೀವಕೋಶಗಳದ್ದು. ಗೋಡೆಯಲ್ಲಿ ಇಟ್ಟಿಗೆ ಇದ್ದಂತೆ ಈ ಕೋಶಗಳು, ನಡುವಿನ ಗಾರೆಯಂತೆ ಜಿಡ್ಡು. ಈ ಜಿಡ್ಡೇ ಒಳಗಿನ ನೀರು ಆರಿಹೋಗದಂತೆ ತಡೆಯುತ್ತದೆ. ಹಳೆಯ ಕೋಶ ಉದುರಿ ಕೆಳಗಿನಿಂದ ಹೊಸದು ಬರಲು ಸುಮಾರು ನಾಲ್ಕು ವಾರ ಬೇಕು. ಚಳಿಗಾಲದ ಒಣಗಾಳಿ ಚರ್ಮದ ನೀರನ್ನು ಹೀರುತ್ತದೆ. ಸಾಲದ್ದಕ್ಕೆ ಚಳಿಯೆಂದು ನಾವು ಕುದಿಯುವಂಥ ನೀರಿನಲ್ಲಿ ಸ್ನಾನ ಮಾಡಿ ಇದ್ದ ಜಿಡ್ಡನ್ನೂ ತೊಳೆದುಬಿಡುತ್ತೇವೆ. ಆಗ ಸತ್ತ ಕೋಶಗಳು ಸರಿಯಾಗಿ ಉದುರದೆ ಅಲ್ಲಲ್ಲೇ ಅಂಟಿಕೊಂಡು ಮೇಲ್ಮೈ ಒರಟಾಗುತ್ತದೆ. ನುಣುಪಾದ ಹಿತ್ತಾಳೆ ಚೆಂಬು ಹೊಳೆಯುತ್ತದೆ, ಗೀಚುಬಿದ್ದದ್ದು ಮಂಕಾಗಿ ಕಾಣುತ್ತದೆ. ಮುಖದ ಕಥೆಯೂ ಅಷ್ಟೇ.

ಇದು ಗೊತ್ತಿಲ್ಲದೆ ‘ಬೆಳ್ಳಗಾಗುವ’ ದಾರಿ ಹಿಡಿದರೆ ಏನಾಗುತ್ತದೆ ಎಂಬುದನ್ನು ನಾನು ಪಕ್ಕದ ಮಂಚದಲ್ಲೇ ನೋಡಿದೆ. ನನ್ನ ರೂಮ್‌ಮೇಟ್‌ಗೆ ಸಂದರ್ಶನಕ್ಕೆ ಇನ್ನೂ ಎರಡು ತಿಂಗಳಿತ್ತು. ಸೀನಿಯರ್ ಒಬ್ಬರು ಹೇಳಿದ ಟ್ಯೂಬ್ ಅನ್ನು ಮೆಡಿಕಲ್ ಶಾಪ್‌ನಿಂದ ತಂದಳು. ಚೀಟಿ ಕೇಳಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ಹತ್ತೇ ದಿನದಲ್ಲಿ ಮುಖ ಫಳಫಳ. ಇಡೀ ಫ್ಲೋರ್ ಅವಳ ರೂಮಿಗೆ ಬಂದು ಹೆಸರು ಬರೆದುಕೊಂಡು ಹೋಯಿತು. ಟ್ಯೂಬ್ ಮುಗಿದು ನಾಲ್ಕು ದಿನ ಹಚ್ಚದೆ ಬಿಟ್ಟಳು ನೋಡಿ, ಕೆನ್ನೆಯೆಲ್ಲ ಕೆಂಪಾಗಿ ಉರಿ ಶುರುವಾಯಿತು. ಮತ್ತೆ ಹಚ್ಚಿದರೆ ಆರಾಮ, ಬಿಟ್ಟರೆ ಉರಿ. ಆಮೇಲೆ ಸಣ್ಣ ಸಣ್ಣ ಗುಳ್ಳೆಗಳು. ಬಿಸಿಲಿಗೆ ಹೋದರೆ ಮೆಣಸಿನಕಾಯಿ ಹಚ್ಚಿದಂತೆ ಆಗುತ್ತಿತ್ತಂತೆ. ವೇಲ್ ಸುತ್ತಿಕೊಂಡೇ ಕ್ಲಾಸಿಗೆ ಬರುತ್ತಿದ್ದಳು.

ಚರ್ಮವೈದ್ಯರ ಬಳಿ ನಾನೂ ಜೊತೆಗೆ ಹೋಗಿದ್ದೆ. ಅವರು ಮುಖ ನೋಡುವ ಮೊದಲು ಟ್ಯೂಬಿನ ಹಿಂಭಾಗ ನೋಡಿದರು. ಮೊಮೆಟಾಸೋನ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಎಂದಿತ್ತು. ಮೊದಲನೆಯದು ಸ್ಟೀರಾಯ್ಡ್. ಈ ಮೂರೂ ಸೇರಿದ ಔಷಧ ಬಂಗಿನಂಥ ಕಪ್ಪು ಕಲೆಗಳಿಗೆ, ಅದೂ ವೈದ್ಯರ ಕಣ್ಣೆದುರಿನಲ್ಲಿ, ಕೆಲವೇ ವಾರ ಬಳಸುವಂಥದ್ದು. ಮುಖದ ಕ್ರೀಮ್ ಎಂದು ದಿನಾ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಸಣ್ಣ ರಕ್ತನಾಳಗಳು ಮೇಲೆ ಕಾಣತೊಡಗುತ್ತವೆ, ಮೊಡವೆ ಏಳುತ್ತವೆ, ಮುಖದ ಮೇಲೆ ಕೂದಲೂ ಬೆಳೆಯಬಹುದು. ಇಂಥ ಪ್ರಕರಣಗಳು ನಮ್ಮ ದೇಶದಲ್ಲಿ ಎಷ್ಟಿವೆಯೆಂದರೆ ‘ಸ್ಟೀರಾಯ್ಡ್‌ನಿಂದ ಹಾಳಾದ ಮುಖ’ ಎಂದು ಚರ್ಮವೈದ್ಯರು ಅದಕ್ಕೊಂದು ಹೆಸರೇ ಇಟ್ಟಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಕ್ರೀಮ್‌ಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಕೌಂಟರಿನ ಮೇಲೆ ಅವು ಸೋಪಿನಷ್ಟೇ ಸಲೀಸಾಗಿ ಸಿಗುತ್ತವೆ.

ಗೆಳತಿಯ ಮುಖ ತಿಳಿಯಾಗಲು ತಿಂಗಳುಗಳೇ ಬೇಕು ಎಂದಿದ್ದಾರೆ. ಅವಳು ಕೆಂಪು ಕೆನ್ನೆಯಲ್ಲೇ ಸಂದರ್ಶನಕ್ಕೆ ಹೋಗಿ ಬಂದಳು. ಮೂವರು ಕುಳಿತಿದ್ದರಂತೆ. ಪ್ರಾಜೆಕ್ಟ್ ಬಗ್ಗೆ ಕೇಳಿದರು, ಡೇಟಾಬೇಸ್ ಬಗ್ಗೆ ಕೇಳಿದರು, ಬೆಂಗಳೂರಿಗೆ ಬರಲು ಸಿದ್ಧವೇ ಎಂದು ಕೇಳಿದರು. ಮುಖದ ಬಗ್ಗೆ ಯಾರೂ ಕೇಳಲಿಲ್ಲ. ಫಲಿತಾಂಶ ಇನ್ನೂ ಬಂದಿಲ್ಲ.

ಹಾಗಾದರೆ ಕಳೆ ಬರಲು ಏನು ಮಾಡಬೇಕು? ಆ ವೈದ್ಯರು ಹೇಳಿದ್ದು, ನಾವು ರೂಮಿನಲ್ಲಿ ಪಾಲಿಸುತ್ತಿರುವುದು ಬಹಳ ಸರಳ. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಮುಗಿಸಬೇಕು. ಚರ್ಮ ಸ್ವಭಾವತಃ ತುಸು ಆಮ್ಲೀಯ, ಸಾಮಾನ್ಯ ಸೋಪು ಕ್ಷಾರೀಯ. ಹಾಗಾಗಿ ಮುಖಕ್ಕೆ ಪದೇ ಪದೇ ಸೋಪು ಬೇಡ. ಮುಖ್ಯವಾದದ್ದು ಇದು: ಟವೆಲ್‌ನಲ್ಲಿ ಒತ್ತಿ ಒರೆಸಿಕೊಂಡು, ಮೈ ಇನ್ನೂ ಹಸಿಯಾಗಿರುವಾಗಲೇ ಮಾಯಿಶ್ಚರೈಸರ್ ಹಚ್ಚಬೇಕು. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಹಿಡಿದಿಡಲು ನೀರೇ ಇರುವುದಿಲ್ಲ. ದುಬಾರಿಯದ್ದೇ ಆಗಬೇಕಿಲ್ಲ. ಕೈಕಾಲಿಗೆ ಕೊಬ್ಬರಿ ಎಣ್ಣೆ ನಡೆಯುತ್ತದೆ, ತುಟಿಗೆ, ಹಿಮ್ಮಡಿಗೆ ಪೆಟ್ರೋಲಿಯಂ ಜೆಲ್ಲಿ ಸಾಕು. ಮೊಡವೆ ಏಳುವ ಮುಖಕ್ಕೆ ಮಾತ್ರ ಎಣ್ಣೆ ಬೇಡ. ಗ್ಲಿಸರಿನ್ ಇದ್ದರೆ ನೀರು ಬೆರೆಸಿ ತೆಳುವಾಗಿ ಹಚ್ಚಿ.

ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯಬಹುದು. ಅದನ್ನು ಶರಬತ್ತಿಗೆ ಬಿಡೋಣ. ಒಣಗಿದ ಚರ್ಮವನ್ನು ಕಡಲೆಹಿಟ್ಟಿನಿಂದ ಗಸಗಸ ಉಜ್ಜುವುದೂ ಬೇಡ. ಫೆಬ್ರುವರಿ ಕಳೆದರೆ ನಮ್ಮ ಕಡೆಯ ಬಿಸಿಲು ಗೊತ್ತೇ ಇದೆಯಲ್ಲ. ಹೊರಗೆ ಹೋಗುವ ಮುನ್ನ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್, ಇಲ್ಲವೇ ಕೊಡೆ. ಹುಡುಗರೇ, ಇದು ನಿಮಗೂ ಅನ್ವಯ. ಬಿಸಿಲಿಗೆ ಗಂಡು ಹೆಣ್ಣೆಂಬ ಭೇದವಿಲ್ಲ.

ಹಚ್ಚುವುದರಿಂದ ಮಾತ್ರ ಕಳೆ ಬರುವುದಿಲ್ಲ. ಮುಖ ಬಾಡಿದಂತೆ ಕಾಣಲು ಎಷ್ಟೋ ಸಲ ಕಾರಣ ಚರ್ಮವಲ್ಲ, ರಕ್ತ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿದ್ದರೆ ಕ್ರೀಮ್ ಕೊಳ್ಳುವ ದುಡ್ಡಿನಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹೆಣ್ಣುಮಕ್ಕಳಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ವೈದ್ಯರನ್ನು ಕಾಣಲೇಬೇಕು. ಊಟವಾದ ತಕ್ಷಣ ಚಹಾ ಕುಡಿದರೆ ಅನ್ನ, ಸೊಪ್ಪಿನಲ್ಲಿರುವ ಕಬ್ಬಿಣಾಂಶ ಮೈಗೆ ಸರಿಯಾಗಿ ಸೇರುವುದಿಲ್ಲ, ಒಂದು ಗಂಟೆಯಾದರೂ ತಡೆಯಿರಿ. ಊಟದ ಜೊತೆ ನಿಂಬೆಯೋ ನೆಲ್ಲಿಕಾಯಿಯೋ ಇದ್ದರೆ ಚೆನ್ನಾಗಿ ಸೇರುತ್ತದೆ.

ನಮ್ಮ ಹಿರಿಯರಿಗೆ ಇದರ ಅಂದಾಜಿತ್ತೇನೋ. ದೀಪಾವಳಿಗೆ ಎಣ್ಣೆಸ್ನಾನ, ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಶೇಂಗಾಹೋಳಿಗೆ, ಕುಸುರೆಳ್ಳು. ಚಳಿಯ ತಿಂಗಳುಗಳ ಹಬ್ಬಗಳಲ್ಲೆಲ್ಲ ಜಿಡ್ಡು ಇದ್ದೇ ಇದೆ. ತೂಕ ಇಳಿಸುವ ಭರದಲ್ಲಿ ಇದೆಲ್ಲವನ್ನೂ ಬಿಟ್ಟು ನಾವು ಚಹಾ-ಬಿಸ್ಕೆಟ್‌ನಲ್ಲಿ ದಿನ ದೂಡುತ್ತೇವೆ.

1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಪದವನ್ನು ತೆಗೆದು ‘ಗ್ಲೋ’ ಎಂದು ಇಟ್ಟುಕೊಂಡಿತು. ಟ್ಯೂಬಿನ ಮೇಲಿನ ಪದ ಬದಲಾಯಿತು. ನಮ್ಮ ಮನೆಗಳಲ್ಲಿ, ಹಾಸ್ಟೆಲ್‌ಗಳಲ್ಲಿ ‘ಸ್ವಲ್ಪ ಬೆಳ್ಳಗಾಗಿದ್ದೀಯಲ್ಲ!’ ಎನ್ನುವುದು ಈಗಲೂ ಹೊಗಳಿಕೆಯೇ. ಹುಟ್ಟಿನಿಂದ ಬಂದ ಬಣ್ಣಕ್ಕೆ ಚಿಕಿತ್ಸೆಯ ಅಗತ್ಯವಿಲ್ಲ. ಕಪ್ಪೋ ಗೋಧಿಯೋ, ಆ ಬಣ್ಣದಲ್ಲೇ ಆರೋಗ್ಯದ ಹೊಳಪು ಇರುತ್ತದೆ. ಮೂರ್ನಾಲ್ಕು ವಾರ ಸಮಾಧಾನದಿಂದ ನೀರು, ಊಟ, ನಿದ್ದೆ, ಒಂದಿಷ್ಟು ಜಿಡ್ಡು ಕೊಟ್ಟರೆ ಅದು ತಾನಾಗಿಯೇ ಮರಳುತ್ತದೆ.

ಈಗಾಗಲೇ ಯಾವುದೋ ಕ್ರೀಮ್ ಹಚ್ಚುತ್ತಿದ್ದೀರಾ? ಇವತ್ತೇ ಟ್ಯೂಬ್ ತಿರುಗಿಸಿ ಓದಿ. ಕೆಂಪು ಗೆರೆ ಇದ್ದರೆ, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್‌ನಂಥ ಹೆಸರಿದ್ದರೆ ಅದು ಸೌಂದರ್ಯವರ್ಧಕವಲ್ಲ, ಔಷಧ. ಒಮ್ಮೆಲೇ ನಿಲ್ಲಿಸಿದರೂ ಉರಿ ಏಳಬಹುದು. ಹಾಗಾಗಿ ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಚರ್ಮವೈದ್ಯರ ಬಳಿ ಹೋಗಿ. ನಾಚಿಕೆ ಬೇಡ, ಅಲ್ಲಿ ಸಾಲಿನಲ್ಲಿ ಕುಳಿತಿರುವವರಲ್ಲಿ ನಮ್ಮ ವಯಸ್ಸಿನವರೇ ಹೆಚ್ಚು.